ಗುಂಡಿಯ ಲೆಕ್ಕ

ಹಾರ್ಬೆಕ್ ಮನೆತನದ ದುಡ್ಡು ಗುಂಡಿಯ ದುಡ್ಡು.
ಅಂಗಿಗೆ ಹಾಕುವ ಗುಂಡಿ, ಮುತ್ತಿನ ಹೊಳಪಿನದು,
ಮಿಸಿಸಿಪ್ಪಿಯ ಚಿಪ್ಪು ಕೊರೆದು ತೆಗೆದದ್ದು.
ನದಿಯ ತಳದಲ್ಲಿ ಉಳಿದದ್ದೂ
ಗುಂಡಿಯೇ.

ಇಪ್ಪತ್ತೆರಡು ವರ್ಷದಿಂದ ಇವರ ಪ್ರತಿಷ್ಠಾನದ ನಡಾವಳಿ ಬರೆಯುತ್ತಿದ್ದೇನೆ,
ಊಟದ ಮೇಜಿನ ಕೊನೆಯಲ್ಲಿ, ಅಡುಗೆಮನೆಯ ಬಾಗಿಲ ಪಕ್ಕ.
ನನ್ನ ಕುರ್ಚಿಗೆ ಮಾತ್ರ ದಿಂಬಿಲ್ಲ.
ವರ್ಷಕ್ಕೆ ಎರಡು ಸಭೆ. ನೂರಕ್ಕೆ ಐದು ಕೊಡಲೇಬೇಕು, ಕಾನೂನು.
ಉಳಿದ ತೊಂಬತ್ತೈದು ಎಲ್ಲಿ ಮಲಗಿದೆ, ಯಾರ ಹಾಸಿಗೆಯಲ್ಲಿ,
ಅದು ಕಾರ್ಯಸೂಚಿಯಲ್ಲಿ ಎಂದೂ ಬಂದಿಲ್ಲ.

ಮತ ಹಾಕುವುದೂ ಗುಂಡಿಯಿಂದಲೇ, ಅಜ್ಜನ ಕಾಲದ ಪದ್ಧತಿ:
ಬಿಳಿಯದು ಹೌದು, ಕೊಂಬಿನದು ಬೇಡ,
ಸೂಪಿನ ಬೋಗುಣಿಯಲ್ಲಿ ಟಣ್ ಎಂದು ಬೀಳಬೇಕು,
ಎಲ್ಲರಿಗೂ ಕೇಳಬೇಕು.

ಹೋದ ವರ್ಷ ಮ್ಯೂಸಿಯಮ್ಮಿನ ಗಾಜಿನ ಮಾಡಿಗೆ ಎರಡು ಲಕ್ಷ ಡಾಲರು.
ಚರ್ಚೆ ಆರು ನಿಮಿಷ, ಗಡಿಯಾರ ನೋಡಿ ಬರೆದಿದ್ದೇನೆ.
ಹಿತ್ತಾಳೆ ಫಲಕದ ಅಕ್ಷರ ಎಷ್ಟು ದಪ್ಪ ಇರಬೇಕೆಂಬುದಕ್ಕೆ
ನಲವತ್ತು.
ಊರಿನ ಯಾವ ಬಾಗಿಲು ತಳ್ಳಿದರೂ ಇವರ ಹೆಸರು ಅಂಗೈಗೆ ತಾಗುತ್ತದೆ,
ಚಳಿಗಾಲದಲ್ಲಿ ತಣ್ಣಗೆ.

ಈ ಅಕ್ಟೋಬರಿನಲ್ಲಿ ಓಪಲ್ ಡ್ರಿಸ್ಕೆಲಳ ಅರ್ಜಿ.
ವಾರಕ್ಕೆ ಮೂರು ದಿನ, ಬೆಳಗಿನ ನಾಲ್ಕೂವರೆಗೆ,
ಆರು ಜನರನ್ನು ವ್ಯಾನಿನಲ್ಲಿ ಕೂರಿಸಿ ಡಯಾಲಿಸಿಸ್‌ಗೆ ಒಯ್ಯುತ್ತಾಳೆ.
ಬೇಕಾದದ್ದು ನಾಲ್ಕು ಟೈರು, ಒಂದು ವರ್ಷದ ಪೆಟ್ರೋಲು.
ಹದಿನಾಲ್ಕು ಪುಟದ ನಮೂನೆ ತುಂಬಿದ್ದಾಳೆ, ಪೆನ್ಸಿಲಿನಲ್ಲಿ.
ಫಲಿತಾಂಶವನ್ನು ಹೇಗೆ ಅಳೆಯುವಿರಿ?
"ಹೋದವರು ವಾಪಸು ಬಂದರೆ ಎಣಿಸುತ್ತೇನೆ."
ಪ್ರಶ್ನೆ ಏಳು: ನಮ್ಮ ನೆರವು ನಿಂತ ಮೇಲೆ ಯೋಜನೆ ಹೇಗೆ ಮುಂದುವರಿಯುತ್ತದೆ?
"ಆರರಲ್ಲಿ ಯಾರನ್ನು ಇಳಿಸಬೇಕೆಂದು
ನೀವೇ ಹೇಳಿ ಕಳಿಸಿ."

ಡೆಲ್ಬರ್ಟ್ ಕನ್ನಡಕ ತೆಗೆದ. "ಇದೇನು ಭಾಷೆ?"
ಕೊಟ್ಟವನು ಕೋಡಂಗಿ ಎನ್ನುವುದು ಸಾಲದ ಮಾತು;
ದಾನದ ಮೇಜಿನಲ್ಲಿ ಕೊಟ್ಟವರೇ ಈರಭದ್ರರು,
ಇಸಕೊಳ್ಳುವವರು ಕುಣಿಯಬೇಕು, ಹದಿನಾಲ್ಕು ಪುಟ.
ಟೆಸ್ ಬಿಳಿಯದು ಹಾಕಿದಳು. ಅವಳ ತಮ್ಮನೂ.
ಡೆಲ್ಬರ್ಟ್ ಕೊಂಬಿನದು; ಅವನ ಹೆಂಡತಿ,
ಅವನ ಮುಖ ನೋಡದೆ, ಕೊಂಬಿನದೇ.

ಉಳಿದದ್ದು ಲೆನೋರಾ. ಎಂಬತ್ತನಾಲ್ಕು.
ಅಧ್ಯಕ್ಷರ ಕುರ್ಚಿಯಲ್ಲಿ ಕಾಲು ನೆಲಕ್ಕೆ ಎಟುಕುವುದಿಲ್ಲ.
ಕೈಚೀಲ ತಡಕಿದಳು. ಕರವಸ್ತ್ರ, ಮಾತ್ರೆಯ ಡಬ್ಬಿ, ಆಮೇಲೆ
ಒಂದು ಚಿಪ್ಪು: ಏಳು ತೂತು, ಸುತ್ತ ಉಳಿದಷ್ಟು ಚಿಪ್ಪು.
ಬೋಗುಣಿಗೆ ಹಾಕಿದಳು. ಟಣ್ ಎನ್ನಲಿಲ್ಲ, ಬೇರೆ ಸದ್ದು.
"ಇದು ಹೌದೋ, ಬೇಡವೋ, ಅತ್ತೆ?"
"ಒಂದು ಗ್ರೋಸಿಗೆ ಹನ್ನೆರಡು ಡಜನ್ನು, ಡೆಲ್ಬರ್ಟ್.
ನಮ್ಮಪ್ಪ ಹುಡುಗಿಯರಿಂದ ಹದಿನಾಲ್ಕು ಎಣಿಸಿಕೊಳ್ಳುತ್ತಿದ್ದ.
ನಾವು ಹಂಚುತ್ತಿರುವುದು ಆ ಎರಡು ಡಜನ್ನು.
ನಾಲ್ಕು ಟೈರಿನ ಫಲಿತಾಂಶ ಕೇಳುವವನು
ಮೊದಲು ಇದಕ್ಕೆ ವರದಿ ಬರೆ."

ಆಮೇಲೆ ನನ್ನ ಕಡೆ ತಿರುಗಿ: "ಏಳನೆಯ ಪ್ರಶ್ನೆ ಹೊಡೆದುಹಾಕು.
ಮುಂದಿನ ಸಭೆಗೆ ಆ ಹೆಂಗಸಿಗೊಂದು ಕುರ್ಚಿ ಹಾಕು, ನನ್ನದನ್ನೇ.
ನಾನು ಬಾಗಿಲ ಪಕ್ಕ ಕೂರುತ್ತೇನೆ. ಗಾಳಿ ಬರುತ್ತದೆ."
ಯಾರೂ ಸೂಚಿಸಲಿಲ್ಲ, ಯಾರೂ ಅನುಮೋದಿಸಲಿಲ್ಲ.
ವಕೀಲರಿಗೆ ಫೋನು ಮಾಡಲು ಡೆಲ್ಬರ್ಟ್ ವರಾಂಡಕ್ಕೆ ಹೋದ.

ನಡಾವಳಿಯಲ್ಲಿ ಬರೆದೆ: ಮಂಜೂರು, ಎರಡರ ವಿರುದ್ಧ ಮೂರು.
ಚಿಪ್ಪನ್ನು ಬಿಳಿಯದೆಂದು ಎಣಿಸಿದವಳು ನಾನೇ.
ನನ್ನ ಮುತ್ತಜ್ಜಿ ಆ ಕಾರ್ಖಾನೆಯ ಕೊರೆಯುವ ಯಂತ್ರಕ್ಕೆ
ಬಲಗೈಯ ತೋರುಬೆರಳು ಕೊಟ್ಟವಳು;
ಆ ಕೊಡುಗೆಗೆ ನಮೂನೆ ಇರಲಿಲ್ಲ.
ಇಪ್ಪತ್ತೆರಡು ವರ್ಷ ಇದನ್ನು ಈ ಮನೆಯಲ್ಲಿ ಹೇಳಿಲ್ಲ.
ಅಂದೂ ಹೇಳಲಿಲ್ಲ.

ಬೋಗುಣಿ ತೊಳೆದು ಒರೆಸಿಟ್ಟೆ.
ಕೋಟು ಹಾಕಿಕೊಂಡು ನೋಡಿದರೆ ಎದೆಯ ಹತ್ತಿರ
ಒಂದು ಗುಂಡಿ ಇಲ್ಲ.
ಎಲ್ಲಿ ಬಿತ್ತೋ. ನದಿಯ ಮೇಲಿಂದ ಗಾಳಿ
ನೇರ ಅಲ್ಲಿಂದಲೇ ಒಳಗೆ ಬಂತು.